ಶಾಸನದಲ್ಲಿ ಬರುವ "ಅಷ್ಟಭೋಗ ತೇಜಸ್ವಾಮ್ಯ" ಅಂದರೇನು?

ನಿಮ್ಮೂರ ಕೆರೆ ಏರಿಯ ಕಲ್ಲಿನಲ್ಲಿ "ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯವೆಂಬ ಅಷ್ಟಭೋಗ ತೇಜಸ್ವಾಮ್ಯ" ಅಂತ ಇದೆ, ಅದರ ಅರ್ಥ ಏನು, ಕಲ್ಲಿನ ಕೆಳಗೆ ನಿಧಿ ಇದೆ ಅನ್ನೋದು ನಿಜವಾ ಅಂತ ಕೇಳಿದ್ದೀರಿ.

ನಿಧಿಯ ಮಾತು ಮೊದಲು. ಆ ಸಾಲು ನಿಧಿ ಇರುವ ಜಾಗ ತೋರಿಸುತ್ತಿಲ್ಲ. ಅದು ಜಮೀನು ದಾನ ಕೊಟ್ಟ ಪತ್ರದ ಒಂದು ಸಾಲು, ಅಷ್ಟೇ. ದಯವಿಟ್ಟು ಊರಲ್ಲಿ ಎಲ್ಲರಿಗೂ ಇದನ್ನು ಹೇಳಿ. ನಮ್ಮೂರಲ್ಲೂ ಇಂಥದ್ದೇ ಒಂದು ಕಲ್ಲಿತ್ತು. ಮೇಲೆ ಸೂರ್ಯ, ಚಂದ್ರ, ಕರುವಿಗೆ ಹಾಲೂಡುವ ಹಸು. ಒಂದು ಅಮಾವಾಸ್ಯೆಯ ಮರುದಿನ ಹೋಗಿ ನೋಡಿದರೆ ಪಕ್ಕದಲ್ಲಿ ಆಳೆತ್ತರದ ಗುಂಡಿ, ಕಲ್ಲು ಎರಡು ತುಂಡು. ಒಡೆದ ಕಡೆ ನಾಲ್ಕು ಸಾಲು ಪುಡಿಯಾಗಿ ಹೋಗಿತ್ತು. ಕೊಟ್ಟವರ ಹೆಸರು ಅಲ್ಲೇ ಇತ್ತೋ ಏನೋ. ಪಡಿಯಚ್ಚೂ, ಅಂದರೆ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆಯುವ ಅಕ್ಷರಗಳ ನಕಲೂ, ಯಾರೂ ತೆಗೆದಿರಲಿಲ್ಲ. ಇವತ್ತಿಗೂ ಆ ಸಂಕಟ ಹೋಗಿಲ್ಲ.

ಈಗ ಅರ್ಥ. ಭೋಗ ಅಂದರೆ ಅನುಭವಿಸುವ ಹಕ್ಕು. ತೇಜಸ್ವಾಮ್ಯ ಅಂದರೆ ಪೂರ್ತಿ ಒಡೆತನ. ನಿಧಿ ಅಂದರೆ ನೆಲದಲ್ಲಿ ಹೂತು ಹೋದ, ಯಾರದೆಂದು ಗೊತ್ತಿಲ್ಲದ ಹಣ. ನಿಕ್ಷೇಪ ಅಂದರೆ ಯಾರೋ ಇಟ್ಟ ಠೇವಣಿ. ಜಲ, ಪಾಷಾಣ ನಿಮಗೇ ಗೊತ್ತು, ಬಾವಿ ಕೆರೆಯ ನೀರು ಮತ್ತು ಕಲ್ಲು. ಕೆಲವು ಶಾಸನಗಳಲ್ಲಿ ತರು, ಅಂದರೆ ಮರ ಕೂಡ ಸೇರಿರುತ್ತದೆ. ಅಕ್ಷೀಣಿ ಅಂದರೆ ಕುಂದದ, ನಿಂತ ಆದಾಯ. ಆಗಾಮಿ ಮುಂದೆ ಬರುವ ಲಾಭ. ಸಿದ್ಧ ಅಂದರೆ ಈಗಾಗಲೇ ಫಸಲು ಕೊಡುತ್ತಿರುವುದು, ಸಾಧ್ಯ ಅಂದರೆ ಮುಂದೆ ಸಾಗುವಳಿಗೆ ತರಬಹುದಾದದ್ದು.

ಇಷ್ಟನ್ನೂ ಬಿಡಿಬಿಡಿಯಾಗಿ ಯಾಕೆ ಹೇಳಬೇಕಿತ್ತು? ಜಮೀನು ಕೊಟ್ಟರೆ ಅದರೊಳಗಿನ ಎಲ್ಲವೂ ತಾನಾಗಿಯೇ ಬರುತ್ತಿರಲಿಲ್ಲ. ನೆಲ ಉಳುವ ಹಕ್ಕು ಬೇರೆ, ಅದರಡಿ ಸಿಕ್ಕ ಚಿನ್ನದ ಹಕ್ಕು ಬೇರೆ. ಈಗಲೂ ಹಾಗೇ ಅಲ್ವಾ? ಮನೆ ಪಾಯ ತೋಡುವಾಗ ಹಳೇ ನಾಣ್ಯದ ಕೊಡ ಸಿಕ್ಕರೆ ಸುಮ್ನೆ ಇಟ್ಟುಕೊಳ್ಳುವ ಹಾಗಿಲ್ಲ, ಸರ್ಕಾರಕ್ಕೆ ತಿಳಿಸಬೇಕು. ಬ್ರಿಟಿಷರ ಕಾಲದಲ್ಲಿ ಅದಕ್ಕೆ 1878ರ ನಿಧಿ ಕಾಯ್ದೆ ಇತ್ತು. ಅರಸು ತನ್ನ ಪಾಲಿನದನ್ನೂ ಬಿಟ್ಟುಕೊಟ್ಟೆ ಅಂತ ಹೇಳಲೆಂದೇ "ನಿಧಿ" ಅಂತ ಬರೆಸುತ್ತಿದ್ದ. ನಿಧಿ ಇದೆ ಅಂತಲ್ಲ, ಸಿಕ್ಕರೆ ನಿನ್ನದು ಅಂತ.

ಮನೆಯಲ್ಲಿ ಹಳೇ ಕ್ರಯಪತ್ರ ಇದ್ದರೆ ತೆಗೆದು ನೋಡಿ. ನಮ್ಮ ತಾತನ ಟ್ರಂಕಿನಲ್ಲಿದ್ದ ಛಾಪಾ ಕಾಗದದಲ್ಲಿ "ಜಲ ತರು ಪಾಷಾಣ ನಿಧಿ ನಿಕ್ಷೇಪ" ಅಂತ ಇದೇ ಮಾತು ಇತ್ತು. ಅದು ಬರೀ ಎರಡು ಎಕರೆ ಖುಷ್ಕಿ ಜಮೀನು! ವಿಜಯನಗರದ ತಾಮ್ರಪಟಗಳ ಮಾತು ಪತ್ರ ಬರೆಯುವವರ ಕೈಯಲ್ಲಿ ಹಾಗೇ ಉಳಿದುಕೊಂಡು ಬಂದಿದೆ.

ಒಂದು ವಿಷಯ ಮಾತ್ರ ಮರೆಯಬಾರದು. ಇಷ್ಟೆಲ್ಲ ಭೋಗ ಸಿಕ್ಕಿದ್ದು ದಾನ ಪಡೆದವರಿಗೆ. ಹೀಗೆ ಬಿಟ್ಟುಕೊಟ್ಟ ಜಮೀನಿಗೆ ಉಂಬಳಿ ಅಂತಾರೆ, ಆ ಪದದಲ್ಲೇ "ಉಣ್ಣು" ಇದೆ ನೋಡಿ. ಆದರೆ ಉತ್ತವನ ಹೆಸರು ಅಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಳೇ ಮೈಸೂರಿನಲ್ಲಿ ಇನಾಮು, ಅಂದರೆ ಇಂಥ ದಾನದ ಜಮೀನಿನ ಪದ್ಧತಿ, ರದ್ದು ಮಾಡುವ ಕಾಯ್ದೆಗಳು ಬಂದದ್ದು 1954 ಮತ್ತು 1955ರಲ್ಲಿ. ಆಮೇಲೇ ಎಷ್ಟೋ ಗೇಣಿದಾರರ ಹೆಸರು ಪಹಣಿಗೆ ಬಂತು. ನನಗೆ ಇದು ಎಂಟು ಭೋಗಗಳಿಗಿಂತ ಜಾಸ್ತಿ ಮುಖ್ಯ ಅನ್ನಿಸುತ್ತದೆ.

ನಿಮ್ಮ ಕಲ್ಲಿನ ಫೋಟೋ ತೆಗೆದಿಡಿ. ಬೆಳಗಿನ ಬಿಸಿಲು ಓರೆಯಾಗಿ ಬೀಳುವಾಗ ಅಕ್ಷರ ಚೆನ್ನಾಗಿ ಕಾಣುತ್ತದೆ. ತಂತಿ ಬ್ರಷ್ಷು ಹಾಕಿ ಉಜ್ಜಬೇಡಿ, ನೀರು ಸಾಕು. ಕೊನೆಯ ಸಾಲುಗಳಲ್ಲಿ "ಸ್ವದತ್ತಾಂ ಪರದತ್ತಾಂ ವಾ" ಅಂತ ಶುರುವಾಗುವ ಶ್ಲೋಕ ಇರಬಹುದು. ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ಆ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುತ್ತದೆ ಅದು. ಇದ್ದರೆ, ಗುದ್ದಲಿ ಹಿಡಿದು ಬರುವವರಿಗೆ ಆ ಸಾಲನ್ನೂ ಓದಿ ಹೇಳಿ.