ಡೊಮೇನ್ ಯಾರ ಹೆಸರಲ್ಲಿದೆ, ಮೊದಲು ಅದನ್ನು ನೋಡಿ
ಸಣ್ಣ ಉದ್ದಿಮೆಗಳ ಕ್ಲೌಡ್ ಕಚೇರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದಂಥವು. ಬಹುತೇಕರು ಬಳಸುತ್ತಿರುವುದು ಗೂಗಲ್ ವರ್ಕ್‌ಸ್ಪೇಸ್ (ಕಚೇರಿಗಳಿಗೆಂದು ಗೂಗಲ್ ಕೊಡುವ ಶುಲ್ಕದ ಸೇವೆ) ಆದ್ದರಿಂದ ಮೆನುಗಳ ಹೆಸರೂ ಅದರದ್ದೇ. ಮೈಕ್ರೋಸಾಫ್ಟ್ 365ರಲ್ಲಿ ಬೇರೆ ನಿಯಮವಿದ್ದ ಕಡೆ ಅಲ್ಲಲ್ಲೇ ಹೇಳಿದ್ದೇವೆ.

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಮಷಿನ್ ಬಿಡಿಭಾಗ ಮಾಡುವ ಸಣ್ಣ ಘಟಕ. ಹನ್ನೊಂದು ಜನ ಇದ್ದೇವೆ, ಎಲ್ಲರದೂ ಬಿಟ್ಟಿ ಜಿಮೇಲ್. ಕಂಪನಿ ಹೆಸರಿನ ಮೇಲ್ ಇಲ್ಲದಿದ್ದರೆ ವೆಂಡರ್ ಕೋಡ್ ಕೊಡುವುದಿಲ್ಲ ಎಂದು ದೊಡ್ಡ ಗಿರಾಕಿಯೊಬ್ಬರು ಹೇಳಿದ್ದಾರೆ. ಡೊಮೇನ್ (ವೆಬ್ ವಿಳಾಸದ ಹೆಸರು) ಇದೆ, ವೆಬ್‌ಸೈಟ್ ಮಾಡಿದವರೇ ತೆಗೆದುಕೊಟ್ಟಿದ್ದರು. ವರ್ಕ್‌ಸ್ಪೇಸ್‌ನ ಹನ್ನೊಂದು ಲೈಸೆನ್ಸ್ ಕೊಳ್ಳಬೇಕೇ? ಎಲ್ಲಿಂದ ಶುರು ಮಾಡುವುದು?

ಉತ್ತರ: ಲೈಸೆನ್ಸ್ ಮಾತು ಆಮೇಲೆ. 'ಅವರೇ ತೆಗೆದುಕೊಟ್ಟಿದ್ದರು' ಎಂದಿದ್ದೀರಲ್ಲ, ಮೊದಲು ಅದನ್ನು ಸರಿಮಾಡಿಕೊಳ್ಳಿ. ಡೊಮೇನ್ ಅವರ ಖಾತೆಯಲ್ಲಿದ್ದರೆ, ಉಳುಮೆ ನಿಮ್ಮದು, ಪಹಣಿ ಇನ್ನೊಬ್ಬರ ಹೆಸರಲ್ಲಿ ಎಂಬಂತಾಗುತ್ತದೆ. ಡೊಮೇನ್ ಕೊಂಡ ಕಂಪನಿಯಲ್ಲೇ ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಒಂದು ಖಾತೆ ತೆರೆದು, ಡೊಮೇನನ್ನು ಅಲ್ಲಿಗೆ ವರ್ಗ ಮಾಡಿಸಿ. ಒಂದೇ ಕಂಪನಿಯೊಳಗಿನ ವರ್ಗಾವಣೆ ಸುಲಭ. ಬೇರೆ ಕಂಪನಿಗೆ ಒಯ್ಯುವುದಾದರೆ ಅವರಿಂದ ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ) ಪಡೆಯಬೇಕು. ಆ ಖಾತೆಗೆ ಕೊಡುವ ಮೇಲ್ ವಿಳಾಸ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದ ದಿನ ಇಮೇಲ್ ಕೂಡ ನಿಲ್ಲುತ್ತದೆ, ನವೀಕರಣದ ಎಚ್ಚರಿಕೆ ನಿಂತುಹೋದ ಪೆಟ್ಟಿಗೆಗೇ ಹೋಗುತ್ತಿರುತ್ತದೆ.

ಇನ್ನು ಲೈಸೆನ್ಸ್. ದಿನವೂ ಮೇಲ್ ಬರೆಯುವವರಿಗೆ ಮಾತ್ರ ಸಾಕು: ಮಾಲೀಕರು, ಲೆಕ್ಕಪತ್ರ, ಮಾರಾಟ, ಖರೀದಿ. ನಾಲ್ಕರಲ್ಲಿ ಮುಗಿಯುತ್ತದೆ. ಸೇಲ್ಸ್, ಅಕೌಂಟ್ಸ್, ಇನ್ಫೋ ಎಂಬ ಹೆಸರಿನ ವಿಳಾಸಗಳಿಗೆ ದುಡ್ಡು ಕೊಡಬೇಡಿ. ಒಬ್ಬ ಬಳಕೆದಾರರಿಗೆ 30 ಏಲಿಯಾಸ್‌ವರೆಗೆ (ಅದೇ ಪೆಟ್ಟಿಗೆಗೆ ಬರುವ ಬೇರೆ ವಿಳಾಸಗಳು) ಉಚಿತ. ಒಂದೇ ವಿಳಾಸಕ್ಕೆ ಬಂದದ್ದು ಇಬ್ಬರು ಮೂವರಿಗೆ ತಲುಪಬೇಕಾದರೆ 'ಗ್ರೂಪ್' ಮಾಡಿ, ಅದಕ್ಕೂ ಲೈಸೆನ್ಸ್ ಬೇಡ. ಆದರೆ ಗ್ರೂಪ್ ಮಾಡುವಾಗ ಪೋಸ್ಟ್ ಮಾಡುವ ಹಕ್ಕಿನ ಸಾಲಿನಲ್ಲಿ 'ಎಕ್ಸ್‌ಟರ್ನಲ್' ಎಂಬಲ್ಲಿ ಟಿಕ್ ಹಾಕಲೇಬೇಕು. ಇಲ್ಲದಿದ್ದರೆ ನಿಮ್ಮೊಳಗೆ ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ, ಗಿರಾಕಿ ಕಳಿಸಿದ ಆರ್ಡರ್ ಮಾತ್ರ ಬೌನ್ಸ್ ಆಗುತ್ತದೆ. ಖರ್ಚು ಉಳಿಸಲು ಒಂದೇ ಐಡಿಯ ಪಾಸ್‌ವರ್ಡನ್ನು ಮೂವರು ಹಂಚಿಕೊಳ್ಳುವ ಪದ್ಧತಿಯಂತೂ ಬೇಡವೇ ಬೇಡ.

ಕಂಪನಿಯ ಮೇಲನ್ನು ವರ್ಕ್‌ಸ್ಪೇಸ್‌ಗೆ ಬದಲಿಸಲು ಶನಿವಾರ ಸಂಜೆ ಒಳ್ಳೆಯ ಹೊತ್ತು. ಎರಡು ದಿನ ಮುಂಚೆ ಡಿಎನ್‌ಎಸ್‌ನಲ್ಲಿ (ಡೊಮೇನಿನ ದಾಖಲೆಗಳಿರುವ ಪಟ್ಟಿ) ಎಂಎಕ್ಸ್ ದಾಖಲೆಯ (ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಸಾಲು) ಟಿಟಿಎಲ್ ಅನ್ನು, ಅಂದರೆ ಹಳೆಯದನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ. ಬಳಕೆದಾರರನ್ನೆಲ್ಲ ಮೊದಲೇ ಸೃಷ್ಟಿಸಿಟ್ಟು, ಆಮೇಲೆ ಹಳೆಯ ಎಂಎಕ್ಸ್ ಸಾಲುಗಳನ್ನು ಅಳಿಸಿ ಗೂಗಲ್‌ನದ್ದನ್ನು ಹಾಕಿ. ಈಗ ಒಂದೇ ಸಾಲು ಸಾಕು: ಎಸ್‌ಎಂಟಿಪಿ ಡಾಟ್ ಗೂಗಲ್ ಡಾಟ್ ಕಾಮ್, ಆದ್ಯತೆ 1. ಹಳೆಯ ಕೈಪಿಡಿಗಳಲ್ಲಿರುವ ಐದು ಸಾಲನ್ನು ಇದರೊಂದಿಗೆ ಬೆರೆಸಬೇಡಿ. ಎಸ್‌ಪಿಎಫ್ ದಾಖಲೆಯೂ (ನಿಮ್ಮ ಹೆಸರಲ್ಲಿ ಯಾವ ಸರ್ವರುಗಳು ಮೇಲ್ ಕಳಿಸಬಹುದೆಂಬ ಪಟ್ಟಿ) ಡೊಮೇನಿಗೆ ಒಂದೇ ಇರಬೇಕು. ಹಳೆಯದನ್ನು ಬಿಟ್ಟು ಹೊಸದನ್ನು ಸೇರಿಸಿದರೆ ಎರಡೂ ಕೆಲಸಕ್ಕೆ ಬಾರದೆ ಹೋಗುತ್ತವೆ. ಡಿಕಿಮ್ ಕೀ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿಯ ಕೀಲಿ) ಸಿಗಲು ಜಿಮೇಲ್ ಶುರುವಾಗಿ 24ರಿಂದ 72 ಗಂಟೆ ಕಾಯಬೇಕಾಗಬಹುದು. 2048 ಬಿಟ್ ಕೀಯನ್ನು ನಿಮ್ಮ ಡಿಎನ್‌ಎಸ್ ಪ್ಯಾನೆಲ್ ಉದ್ದ ಜಾಸ್ತಿ ಎಂದು ತಿರಸ್ಕರಿಸಿದರೆ 1024 ಆರಿಸಿ. ಕೊನೆಗೆ ಡಿಮಾರ್ಕ್ (ಈ ಪರೀಕ್ಷೆಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂಬ ನೀತಿ), ಮೊದಲಿಗೆ 'ನನ್' (ಏನೂ ಮಾಡಬೇಡ) ನೀತಿಯಲ್ಲಿ. ಇವನ್ನು ಬಿಟ್ಟರೆ ನಿಮ್ಮ ಕೊಟೇಶನ್ ಗಿರಾಕಿಯ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ 5.7.26 ಎಂಬ ಸಂಖ್ಯೆಯೊಂದಿಗೆ ವಾಪಸ್ ಬರುತ್ತದೆ.

ವೆಬ್‌ಸೈಟ್ ಹಳೆಯ ಸಿಪ್ಯಾನೆಲ್ ಹೋಸ್ಟಿಂಗ್‌ನಲ್ಲೇ ಉಳಿಯುವುದಾದರೆ ಇನ್ನೊಂದು ಕೆಲಸ ಬಾಕಿ. ಅಲ್ಲಿನ 'ಇಮೇಲ್ ರೂಟಿಂಗ್' ಅನ್ನು 'ರಿಮೋಟ್ ಮೇಲ್ ಎಕ್ಸ್‌ಚೇಂಜರ್' ಮಾಡಿ. ಮಾಡದಿದ್ದರೆ ಸೈಟಿನ ವಿಚಾರಣಾ ಫಾರ್ಮ್‌ನಿಂದ ಬರುವ ಮೇಲ್‌ಗಳು ಯಾರೂ ತೆರೆಯದ ಹಳೆಯ ಪೆಟ್ಟಿಗೆಯಲ್ಲೇ ಬಿದ್ದಿರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಿಹೋಗುವುದು ಇದೇ.

ಬಿಲ್ಲಿಂಗ್‌ನಲ್ಲಿ ಜಿಎಸ್‌ಟಿಐಎನ್ ನಮೂದಿಸಿ, ಇಲ್ಲದಿದ್ದರೆ ಶೇ. 18 ತೆರಿಗೆಯ ಇನ್‌ಪುಟ್ ಕ್ರೆಡಿಟ್ ಸಿಗದು. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ತಾನಾಗಿ ಕಡಿತವಾಗುವ ಮೊತ್ತ 15,000 ರೂಪಾಯಿ ದಾಟಿದರೆ ಪ್ರತಿ ಸಲ ಒಟಿಪಿ ಬೇಕು. ನಾಲ್ಕು ಲೈಸೆನ್ಸಿನ ತಿಂಗಳ ಕಂತಿಗೆ ಆ ತೊಂದರೆ ಬಾರದು.

ಪ್ರಶ್ನೆ: ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಮ್ಮದು. ಲಾಟ್, ಬಾಕ್ಸ್, ದರ ಎಲ್ಲವನ್ನೂ ಗೂಗಲ್ ಶೀಟ್ಸ್‌ನಲ್ಲಿ ಐದು ಜನ ಬರೆಯುತ್ತೇವೆ. ಮೊನ್ನೆ ರೈತರ ಹೆಸರಿಗೂ ಬಾಕ್ಸ್ ಸಂಖ್ಯೆಗೂ ತಾಳೆಯೇ ಆಗುತ್ತಿಲ್ಲ. ಯಾರೂ ಏನೂ ಅಳಿಸಿಲ್ಲ ಅನ್ನುತ್ತಾರೆ.

ಉತ್ತರ: ಅವರು ಹೇಳುವುದು ನಿಜವಿರಬೇಕು. ಯಾರೋ ಹೆಸರಿನ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ 'ಸಾರ್ಟ್ ರೇಂಜ್' ಒತ್ತಿದ್ದಾರೆ. ಹೆಸರುಗಳು ಅಕಾರಾದಿಯಾಗಿ ಜರುಗಿವೆ, ಪಕ್ಕದ ಕಾಲಂಗಳು ಇದ್ದಲ್ಲೇ ಇವೆ.

'ಫೈಲ್', 'ವರ್ಷನ್ ಹಿಸ್ಟರಿ'ಗೆ ಹೋಗಿ ಗೊಂದಲಕ್ಕೆ ಮುಂಚಿನ ಹೊತ್ತನ್ನು ಹುಡುಕಿ. 'ರಿಸ್ಟೋರ್' ಒತ್ತುವ ಆತುರ ಬೇಡ. ಒತ್ತಿದರೆ ಆಮೇಲೆ ಬರೆದ ಲಾಟ್‌ಗಳೆಲ್ಲ ಶೀಟಿನಿಂದ ಮಾಯವಾಗುತ್ತವೆ. ಆ ಆವೃತ್ತಿಯ ಪಕ್ಕದ ಮೂರು ಚುಕ್ಕಿಯಲ್ಲಿ 'ಮೇಕ್ ಎ ಕಾಪಿ' ಇದೆ. ಪ್ರತಿ ತೆಗೆದು, ನಂತರದ ಸಾಲುಗಳನ್ನು ಅದಕ್ಕೆ ಕೈಯಾರೆ ಸೇರಿಸಿ. ರೈತರಿಗೆ ಹಣ ಪಾವತಿಸುವ ಮುನ್ನ ಆ ದಿನದ ಚೀಟಿಗಳೊಂದಿಗೆ ಒಮ್ಮೆ ತಾಳೆ ನೋಡಿ.

ಮತ್ತೆ ಹೀಗಾಗದಿರಲು, ಹುಡುಕಿ ನೋಡುವವರಿಗೆ 'ಫಿಲ್ಟರ್ ವ್ಯೂ' ಮಾಡಿಕೊಡಿ. ಅದರಲ್ಲಿ ಏನು ಶೋಧಿಸಿದರೂ ಉಳಿದವರ ಪರದೆ ಕದಲುವುದಿಲ್ಲ. ಲೆಕ್ಕದ ಸೂತ್ರಗಳಿರುವ ಕಾಲಂಗಳನ್ನು 'ಡೇಟಾ' ಮೆನುವಿನ 'ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್'ನಿಂದ ಬೀಗ ಹಾಕಿ. ಹರಾಜಿನ ಕಟ್ಟೆಯ ಮೇಲೆ ನಿಂತು ಮೊಬೈಲಿನಲ್ಲಿ ಬರೆಯುವ ಹುಡುಗರಿಗೆ ಶೀಟ್ ಕೊಡಲೇಬೇಡಿ, ಗೂಗಲ್ ಫಾರ್ಮ್ ಕೊಡಿ. ಸಾಲು ತಾನಾಗಿ ಶೀಟಿಗೆ ಬೀಳುತ್ತದೆ, ಹಳೆಯದನ್ನು ಮುಟ್ಟುವ ದಾರಿಯೇ ಇರುವುದಿಲ್ಲ.

ಹಾಗೆಯೇ 'ಫೈಲ್', 'ಸೆಟ್ಟಿಂಗ್ಸ್'ನಲ್ಲಿ 'ಲೊಕೇಲ್' ಏನಿದೆ ನೋಡಿ. ಅಮೆರಿಕ ಎಂದಿದ್ದರೆ ಜುಲೈ 3ಕ್ಕೆ ಬರೆದ 03/07 ಮಾರ್ಚ್ 7 ಆಗಿಬಿಡುತ್ತದೆ. 13/07 ಮಾತ್ರ ಬರಿ ಅಕ್ಷರವಾಗಿ ಎಡಕ್ಕೆ ಅಂಟಿಕೊಂಡು ನಿಲ್ಲುತ್ತದೆ, ತಿಂಗಳ ಮೊತ್ತಕ್ಕೆ ಸೇರುವುದಿಲ್ಲ. ಇಂಡಿಯಾ ಎಂದು ಬದಲಿಸಿ. ಹಿಂದೆಯೇ ತಪ್ಪಾಗಿ ಕೂತ ತಾರೀಖುಗಳು ಅದರಿಂದ ಸರಿಹೋಗವು, ಕೈಯಲ್ಲೇ ತಿದ್ದಬೇಕು.

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ ಕೆಲಸ ಬಿಟ್ಟ. ಎರಡು ವಾರದ ಹಿಂದೆ ಅವನ ಐಡಿ ಡಿಲೀಟ್ ಮಾಡಿದೆವು. ಈಗ ಪಾರ್ಟಿಗಳ ಬಾಕಿ ಪಟ್ಟಿಯೇ ಸಿಗುತ್ತಿಲ್ಲ.

ಉತ್ತರ: ಇವತ್ತೇ ಕೂತು ಮಾಡಿ. ಡಿಲೀಟ್ ಮಾಡಿದ ಬಳಕೆದಾರರನ್ನು ಮರಳಿ ತರಲು ಗೂಗಲ್ ಕೊಡುವ ಗಡುವು 20 ದಿನ. (ಮೈಕ್ರೋಸಾಫ್ಟ್‌ನಲ್ಲಿ 30.) ಅಡ್ಮಿನ್ ಕನ್ಸೋಲಿನ (ವರ್ಕ್‌ಸ್ಪೇಸ್ ನಿರ್ವಹಿಸುವ ಪುಟ) ಬಳಕೆದಾರರ ಪಟ್ಟಿಯಲ್ಲಿ 'ರೀಸೆಂಟ್ಲಿ ಡಿಲೀಟೆಡ್' ಫಿಲ್ಟರ್ ಹಾಕಿ, ಆ ಹೆಸರಿನ ಮುಂದೆ 'ರಿಕವರ್' ಒತ್ತಿ. ಒಂದು ಲೈಸೆನ್ಸ್ ಖಾಲಿ ಇರಬೇಕು. ಫೈಲ್‌ಗಳೆಲ್ಲ ಕಾಣಲು ಒಂದು ದಿನ ಹಿಡಿದರೆ ಗಾಬರಿ ಬೇಡ.

ಬಂದ ಮೇಲೆ ಪಾಸ್‌ವರ್ಡ್ ಬದಲಿಸಿ, 'ರಿಸೆಟ್ ಸೈನ್-ಇನ್ ಕುಕೀಸ್' ಮಾಡಿ. ಇದನ್ನು ಮಾಡದಿದ್ದರೆ ಅವನ ಮೊಬೈಲಿನಲ್ಲಿ ಮೇಲ್ ತೆರೆದೇ ಇರಬಹುದು. ಡ್ರೈವ್ ಸೆಟ್ಟಿಂಗ್‌ನ 'ಟ್ರಾನ್ಸ್‌ಫರ್ ಓನರ್‌ಶಿಪ್'ನಲ್ಲಿ ಎಲ್ಲ ಫೈಲ್‌ಗಳನ್ನು ನಿಮ್ಮ ಐಡಿಗೆ ವರ್ಗಾಯಿಸಿ, ಮೇಲ್‌ಗಳನ್ನೂ ನಕಲು ಮಾಡಿಕೊಳ್ಳಿ. ಆಮೇಲೆ ಡಿಲೀಟ್ ಮಾಡಿ ಅವನ ವಿಳಾಸವನ್ನು ನಿಮಗೆ ಏಲಿಯಾಸ್ ಆಗಿ ಕೊಡಿ, ಪಾರ್ಟಿಗಳು ಹಳೆಯ ವಿಳಾಸಕ್ಕೆ ಬರೆದದ್ದು ನಿಮಗೆ ಬರುತ್ತದೆ. 'ಸಸ್ಪೆಂಡ್' ಮಾಡಿ ಮರೆತುಬಿಟ್ಟರೆ ಲೈಸೆನ್ಸ್ ಶುಲ್ಕ ತಿಂಗಳು ತಿಂಗಳೂ ಕಡಿತವಾಗುತ್ತಲೇ ಇರುತ್ತದೆ. ಮೈಕ್ರೋಸಾಫ್ಟ್ ಬಳಸುವವರಿಗೆ ಇಲ್ಲೊಂದು ಅನುಕೂಲ: ಲೈಸೆನ್ಸ್ ತೆಗೆಯುವ ಮೊದಲು ಪೆಟ್ಟಿಗೆಯನ್ನು 'ಶೇರ್ಡ್ ಮೇಲ್‌ಬಾಕ್ಸ್' ಮಾಡಿದರೆ 50 ಜಿಬಿವರೆಗೆ ಶುಲ್ಕವಿಲ್ಲದೆ ಉಳಿಯುತ್ತದೆ.

ಪಟ್ಟಿ ಅವನ ಸ್ವಂತ ಜಿಮೇಲ್‌ನಲ್ಲಿದ್ದರೆ ಅಡ್ಮಿನ್ ಕನ್ಸೋಲ್ ಏನೂ ಮಾಡಲಾರದು. ಅವನಿಗೇ ಫೋನ್ ಮಾಡಿ, ಫೈಲ್ ಹಂಚಿಕೊಳ್ಳಲು ಕೇಳಿ. ಬಂದ ತಕ್ಷಣ ನಿಮ್ಮ ಐಡಿಯಿಂದ 'ಮೇಕ್ ಎ ಕಾಪಿ' ಮಾಡಿಕೊಳ್ಳಿ. ಕಾಪಿಯ ಒಡೆತನ ಮಾತ್ರ ನಿಮ್ಮದು, ಮೂಲದ್ದು ಅವನದೇ. ನಿಮ್ಮ ಪ್ಲಾನ್‌ನಲ್ಲಿ ಶೇರ್ಡ್ ಡ್ರೈವ್ ಇದ್ದರೆ ಇನ್ನು ಮುಂದೆ ಲೆಕ್ಕದ ಫೈಲ್‌ಗಳೆಲ್ಲ ಅಲ್ಲೇ ಇರಲಿ. ಅಲ್ಲಿಟ್ಟದ್ದು ಸಂಸ್ಥೆಯ ಸ್ವತ್ತು, ಯಾರು ಬಿಟ್ಟುಹೋದರೂ ಹೋಗುವುದಿಲ್ಲ.

ಪ್ರಶ್ನೆ: ಚಿಕ್ಕಬಳ್ಳಾಪುರ ತಾಲ್ಲೂಕಿನ ಹಾಲು ಉತ್ಪಾದಕರ ಸಂಘ. ವರ್ಡ್‌ನಲ್ಲಿ ಟೈಪ್ ಮಾಡಿದ ನಡಾವಳಿ, ನೋಟಿಸ್‌ಗಳನ್ನು ಗೂಗಲ್ ಡಾಕ್ಸ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ.

ಉತ್ತರ: ಫೈಲ್ ಕೆಟ್ಟಿಲ್ಲ. ಅದು ನುಡಿಯ ಆಸ್ಕಿ ಫಾಂಟ್‌ನಲ್ಲಿ, ಬಹುಶಃ 'ನುಡಿ 01 ಇ'ಯಲ್ಲಿ, ಟೈಪ್ ಆಗಿದೆ. ಅಂಥ ಫೈಲಿನೊಳಗೆ ಇರುವುದು ಲ್ಯಾಟಿನ್ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುವುದು ನಿಮ್ಮ ಕಂಪ್ಯೂಟರಿನಲ್ಲಿರುವ ಫಾಂಟ್. ಗೂಗಲ್ ಡಾಕ್ಸ್‌ಗೆ ನಮ್ಮ ಫಾಂಟ್ ಸೇರಿಸಲು ಬರುವುದಿಲ್ಲ.

ತುರ್ತಿದ್ದರೆ ವರ್ಡ್‌ನಿಂದಲೇ ಪಿಡಿಎಫ್ ಮಾಡಿ ಕಳಿಸಿ, ಫಾಂಟ್ ಅದರೊಳಗೇ ಸೇರಿರುತ್ತದೆ. ಶಾಶ್ವತ ದಾರಿ ಎಂದರೆ ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ತಮ್ಮದೇ ಸಂಕೇತವಿರುವ ಪದ್ಧತಿ) ಪರಿವರ್ತನೆ. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಬರುತ್ತದೆ. ಮೂಲವನ್ನು ಬೇರೆ ಫೋಲ್ಡರಿನಲ್ಲಿ ಉಳಿಸಿ, ಪ್ರತಿಯ ಮೇಲೆ ಮಾತ್ರ ಪ್ರಯೋಗ ಮಾಡಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಇರುವ ಪದಗಳನ್ನು (ಕಾರ್ಯದರ್ಶಿ, ನಿರ್ದೇಶಕರು, ವರ್ಷ) ಕಣ್ಣಿಟ್ಟು ನೋಡಿ. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳು, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್‌ನಂಥವು, ಅರ್ಥವಿಲ್ಲದ ಕನ್ನಡವಾಗಿಬಿಡಬಹುದು. ಹಳೆಯದನ್ನೆಲ್ಲ ಒಮ್ಮೆಗೇ ಮಾಡಲು ಹೋಗಬೇಡಿ. ಈ ವರ್ಷದ ನಡಾವಳಿ, ಪದೇ ಪದೇ ಬಳಸುವ ನೋಟಿಸ್ ನಮೂನೆ ಇಷ್ಟು ಸಾಕು.

ಹೊಸದಾಗಿ ಟೈಪ್ ಮಾಡುವಾಗ ನುಡಿಯನ್ನು ಯೂನಿಕೋಡ್ ವಿಧಾನಕ್ಕೆ ಬದಲಿಸಿಕೊಂಡರಾಯಿತು, ಕೈಗೆ ರೂಢಿಯಾದ ಕೀಲಿಮಣೆ ವಿನ್ಯಾಸ ಬದಲಾಗುವುದಿಲ್ಲ. ಡಾಕ್ಸ್‌ನಲ್ಲಿ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಚೆನ್ನಾಗಿ ಕಾಣುತ್ತದೆ. ಡ್ರೈವ್‌ನಲ್ಲಿ ಸದಸ್ಯರ ಹೆಸರನ್ನು ಕನ್ನಡದಲ್ಲೇ ಹುಡುಕಿದರೆ ಸಿಗಬೇಕಾದರೂ ಯೂನಿಕೋಡೇ ಆಗಬೇಕು.

ಪ್ರಶ್ನೆ: ಚಿಂತಾಮಣಿಯಲ್ಲಿ ಗೊಬ್ಬರದ ಅಂಗಡಿ. ಟ್ಯಾಲಿ ಡೇಟಾ ಫೋಲ್ಡರನ್ನೇ ಗೂಗಲ್ ಡ್ರೈವ್‌ನಲ್ಲಿಟ್ಟು ಎರಡು ಕಂಪ್ಯೂಟರಿನಲ್ಲಿ ತೆರೆಯಬಹುದೇ?

ಉತ್ತರ: ಬೇಡ. ಒಂದು ವೋಚರ್ ಉಳಿಸಿದರೆ ಟ್ಯಾಲಿ ಹಲವು ಫೈಲ್‌ಗಳಲ್ಲಿ ಒಟ್ಟಿಗೆ ಬರೆಯುತ್ತದೆ, ಡ್ರೈವ್ ಅವನ್ನು ಒಂದೊಂದಾಗಿ ಕಳಿಸುತ್ತದೆ. ನಡುವೆ ನೆಟ್ ಹೋದರೆ ಅರ್ಧ ಹೊಸದು, ಅರ್ಧ ಹಳೆಯದು, ಕಂಪನಿ ತೆರೆಯುವುದೇ ಇಲ್ಲ. ಡೇಟಾ ಒಂದೇ ಯಂತ್ರದಲ್ಲಿರಲಿ. ಎರಡನೆಯದು ಲ್ಯಾನ್ (ಅಂಗಡಿಯೊಳಗಿನ ಜಾಲ) ಮೂಲಕ ಬರಲಿ, ಅದಕ್ಕೆ ಟ್ಯಾಲಿಯ ಗೋಲ್ಡ್ ಲೈಸೆನ್ಸ್ ಬೇಕು. ರಾತ್ರಿ ಅಂಗಡಿ ಮುಚ್ಚುವಾಗ ಆಲ್ಟ್+ವೈ ಒತ್ತಿ 'ಬ್ಯಾಕಪ್' ತೆಗೆದು ಆ ಪ್ರತಿಯನ್ನು ಮಾತ್ರ ಡ್ರೈವ್‌ಗೆ ಹಾಕಿ, ವಾರದ ಪ್ರತಿ ದಿನಕ್ಕೊಂದರಂತೆ ಏಳು ಫೋಲ್ಡರ್. ತಿಂಗಳಿಗೊಮ್ಮೆ ಬೇರೆ ಜಾಗಕ್ಕೆ ರಿಸ್ಟೋರ್ ಮಾಡಿ ತೆರೆಯುತ್ತದೆಯೇ ನೋಡಿ. ಜಿಎಸ್‌ಟಿ ಕಾಯ್ದೆಯ ಪ್ರಕಾರ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಕಾಪಾಡಬೇಕು, ಹಾಗಾಗಿ ಮಾರ್ಚ್ 31ರ ಪ್ರತಿಯನ್ನು ಪ್ರತಿ ವರ್ಷ ಬೇರೆಯಾಗಿ ತೆಗೆದಿಡಿ.

ಪ್ರಶ್ನೆ: ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸ್ ಘಟಕ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ನಮ್ಮ ಹೆಸರಿನಲ್ಲೇ ಮೇಲ್ ಹೋಗಿ, ಗಿರಾಕಿ ಬೇರೆ ಖಾತೆಗೆ ಹಣ ಹಾಕಿದ್ದಾರೆ. ನಾವು ಕಳಿಸಿಲ್ಲ. ತಪ್ಪು ಯಾರದು, ಹೇಗೆ ತಿಳಿಯುವುದು?

ಉತ್ತರ: ಮೊದಲು ಹಣ. ಪಾವತಿಸಿದವರು ತಮ್ಮ ಬ್ಯಾಂಕಿಗೂ 1930 ಸಹಾಯವಾಣಿಗೂ ಕೂಡಲೇ ತಿಳಿಸಲಿ. ತಡವಾದಷ್ಟೂ ಹಣ ಮುಂದಿನ ಖಾತೆಗಳಿಗೆ ಹರಿದುಹೋಗುತ್ತದೆ.

ಆಮೇಲೆ ಆ ಮೇಲ್. ಸ್ಕ್ರೀನ್‌ಶಾಟ್ ಸಾಲದು, ಗಿರಾಕಿಯಿಂದ ಇಎಂಎಲ್ ಫೈಲನ್ನೇ (ಮೇಲ್‌ನ ಪೂರ್ಣ ಮೂಲರೂಪ) ತರಿಸಿಕೊಳ್ಳಿ. ಅವರದು ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿಯಲ್ಲಿ 'ಶೋ ಒರಿಜಿನಲ್' ನೋಡಲಿ, ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗದು. ಕಳಿಸಿದವರ ಡೊಮೇನನ್ನು ಅಕ್ಷರ ಅಕ್ಷರ ಓದಿ. ಎಲ್ ಇರಬೇಕಾದಲ್ಲಿ ಒಂದು ಅಂಕಿ, ಎಂ ಬದಲು ಆರ್ ಮತ್ತು ಎನ್ ಅಂಟಿಸಿದ್ದು, ಹೀಗೆ ಹೋಲುವ ಡೊಮೇನ್ ಕೊಂಡು ವಂಚಿಸುವುದು ಮಾಮೂಲು. ಡೊಮೇನ್ ನಿಮ್ಮದೇ ಆಗಿದ್ದು ಎಸ್‌ಪಿಎಫ್, ಡಿಕಿಮ್ ಎದುರು 'ಫೇಲ್' ಎಂದಿದ್ದರೆ ಹೊರಗಿನವರು ನಿಮ್ಮ ಹೆಸರು ಹಾಕಿಕೊಂಡಿದ್ದಾರೆ. ಡಿಮಾರ್ಕ್ ವರದಿಗಳಲ್ಲಿ ನಿಮ್ಮ ಸ್ವಂತ ಮೇಲ್‌ಗಳೆಲ್ಲ ಪಾಸ್ ಆಗುತ್ತಿವೆ ಎಂದು ಖಚಿತವಾದ ಮೇಲೆ ನೀತಿಯನ್ನು 'ನನ್'ನಿಂದ 'ಕ್ವಾರಂಟೀನ್'ಗೆ (ಸ್ಪ್ಯಾಮ್‌ಗೆ ತಳ್ಳುವ ನೀತಿ) ಏರಿಸಿ. ಎರಡೂ 'ಪಾಸ್' ಎಂದಿದ್ದರೆ ಕಳ್ಳ ನಿಮ್ಮ ಪೆಟ್ಟಿಗೆಯೊಳಗೇ ಇದ್ದಾನೆ ಎಂದು ತಿಳಿಯಿರಿ.

ಆಗ ಪಾಸ್‌ವರ್ಡ್ ಬದಲಿಸಿ ಸುಮ್ಮನಾದರೆ ಅವನು ಹೊರಗೆ ಹೋಗುವುದಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ 'ಫಿಲ್ಟರ್ಸ್' ತೆರೆಯಿರಿ. 'ಇನ್‌ವಾಯ್ಸ್' ಅಥವಾ 'ಪೇಮೆಂಟ್' ಪದವಿರುವ ಮೇಲ್ ಬಂದರೆ ಇನ್‌ಬಾಕ್ಸ್ ತಪ್ಪಿಸು, ಓದಿದ ಗುರುತು ಹಾಕು ಎಂಬ ಸಾಲು ಅಲ್ಲಿರಬಹುದು. ಗಿರಾಕಿ ಕೇಳಿದ 'ಖಾತೆ ನಿಜವಾಗಿ ಬದಲಾಗಿದೆಯೇ?' ಎಂಬ ಪ್ರಶ್ನೆ ನಿಮಗೆ ಕಾಣದೇ ಹೋಗುವುದು ಹೀಗೆ. 'ಫಾರ್ವರ್ಡಿಂಗ್' ವಿಳಾಸ, ಬೇರೆಯವರಿಗೆ ಕೊಟ್ಟ 'ಡೆಲಿಗೇಶನ್', ಆ್ಯಪ್ ಪಾಸ್‌ವರ್ಡ್‌ಗಳು, ಗೂಗಲ್ ಖಾತೆಗೆ ಜೋಡಿಸಿದ ಆ್ಯಪ್‌ಗಳು, ಇವನ್ನೂ ನೋಡಿ ಗುರುತಿಲ್ಲದ್ದನ್ನು ತೆಗೆಯುವ ಮೊದಲು ಒಂದೊಂದರ ಫೋಟೊ ಇಟ್ಟುಕೊಳ್ಳಿ, ಪೊಲೀಸ್ ದೂರಿಗೆ ಬೇಕಾಗುತ್ತದೆ. ನಂತರ ಸೈನ್-ಇನ್ ಕುಕೀಸ್ ರಿಸೆಟ್ ಮಾಡಿ, ಎಲ್ಲ ಬಳಕೆದಾರರಿಗೂ ಎರಡು ಹಂತದ ಪರಿಶೀಲನೆ ಕಡ್ಡಾಯ ಮಾಡಿ. ಸೂಪರ್ ಅಡ್ಮಿನ್ (ಪೂರ್ಣ ಅಧಿಕಾರವಿರುವ ನಿರ್ವಾಹಕರು) ಇಬ್ಬರಿರಲಿ. ಅವರ ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಬೀರುವಿನಲ್ಲಿಡಿ, ಸಿಮ್ ಕಳೆದ ದಿನ ಅವು ಆಸರೆಯಾಗುತ್ತವೆ.

ಅಡ್ಮಿನ್ ಕನ್ಸೋಲಿನ 'ಇಮೇಲ್ ಲಾಗ್ ಸರ್ಚ್'ನಲ್ಲಿ ಆ ಗಿರಾಕಿಯ ವಿಳಾಸ ಹಾಕಿ, ನಿಮ್ಮ ಖಾತೆಯಿಂದ ಯಾವತ್ತು, ಎಷ್ಟು ಹೊತ್ತಿಗೆ ಮೇಲ್ ಹೋಗಿದೆ ಎಂಬುದನ್ನು ಇಳಿಸಿಕೊಳ್ಳಿ. ಹೀಗೆ ವಿಳಾಸದ ಮೇಲೆ ಹುಡುಕಲು ಸಿಗುವುದು ಕೊನೆಯ 30 ದಿನಗಳದ್ದು ಮಾತ್ರ, ಆದ್ದರಿಂದ ಈ ಕೆಲಸವನ್ನು ನಾಳೆಗೆ ಇಟ್ಟುಕೊಳ್ಳಬೇಡಿ.