ಗದ್ದೆಯ ಪಾಚಿ, ಕೆರೆಯ ಪಾಚಿ

ಪ್ರಶ್ನೆ: ನಾಟಿಯಾಗಿ ವಾರ ಕಳೆಯುವುದರೊಳಗೆ ಗದ್ದೆಯ ನೀರಿನ ಮೇಲೆ ಪಾಚಿ ಕಟ್ಟುತ್ತದೆ. ಮೈಲುತುತ್ತ ಹಾಕಿ ಎನ್ನುವವರೂ ಇದ್ದಾರೆ, ಅದೇ ಗೊಬ್ಬರ, ಬಿಡಿ ಎನ್ನುವವರೂ ಇದ್ದಾರೆ. ಏನು ಮಾಡಲಿ?
— ಭತ್ತ ಬೆಳೆಗಾರ, ಗಂಗಾವತಿ

ಉತ್ತರ: ಕಡ್ಡಿಯಿಂದ ಎತ್ತಿ ನೋಡಿ. ಉದ್ದನೆಯ ಎಳೆಗಳಾಗಿ, ಅಚ್ಚ ಹಸಿರಾಗಿ ಜೋತುಬಿದ್ದರೆ ಅದು ಬಹುಮಟ್ಟಿಗೆ ಸಾಮಾನ್ಯ ಹಸಿರು ಪಾಚಿ. ಸಾರಜನಕ ಕೊಡುವುದಿಲ್ಲ, ಎಳೆ ಪೈರಿಗೆ ಸುತ್ತಿಕೊಳ್ಳುವಷ್ಟಾದರೆ ಬಳಿದು ತೆಗೆಯಿರಿ. ಲೋಳೆಲೋಳೆಯಾಗಿ, ನೀಲಿ-ಹಸಿರು ಇಲ್ಲವೇ ಕಂದು ಬಣ್ಣಕ್ಕಿದ್ದರೆ ನಾಸ್ಟಾಕ್, ಅನಾಬೀನಾದಂಥ ಸಯನೋಬ್ಯಾಕ್ಟೀರಿಯಾ (ನೀಲಿ-ಹಸಿರು ಪಾಚಿ ಎಂದು ಕರೆಯುವ ಸೂಕ್ಷ್ಮಜೀವಿ) ಇರಬಹುದು. ಅದನ್ನು ಉಳಿಸಿಕೊಳ್ಳಿ. ಮೈಲುತುತ್ತ ಎರಡನ್ನೂ ಕೊಲ್ಲುತ್ತದೆ.

ಭತ್ತದ ಗದ್ದೆಯಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ಮುಖ್ಯವಾಗಿ ಈ ನೀಲಿ-ಹಸಿರು ಪಾಚಿಯೇ ಎಂದು ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು. ಗಾಳಿಯ ಸಾರಜನಕವನ್ನು ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ, ಆದರೆ ಪಾಚಿ ಬಿಸಿಲಿನಲ್ಲಿ ಉತ್ಪಾದಿಸುವುದೇ ಆಮ್ಲಜನಕ. ಅದಕ್ಕೇ ಪಾಚಿಯ ಕೋಶಗಳ ಸರಪಳಿಯಲ್ಲಿ ಅಲ್ಲೊಂದು ಇಲ್ಲೊಂದು ಕೋಶ ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಬಿಡುವುದನ್ನೇ ನಿಲ್ಲಿಸಿ, ಈ ಒಂದೇ ಕೆಲಸಕ್ಕೆ ನಿಲ್ಲುತ್ತದೆ. ನೀರಿನಲ್ಲಿ ಯೂರಿಯಾ ಧಾರಾಳವಾಗಿದ್ದರೆ ಆ ಕೋಶಗಳು ಹುಟ್ಟುವುದೇ ಅಪರೂಪ. ನಿಮ್ಮ ಕಡೆ ಪಾಚಿ ಕೆಲಸ ಮಾಡದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಯೂರಿಯಾ ಚೀಲವನ್ನೇ.

ಬೇರೆಡೆಯಿಂದ ತಂದು ಹಾಕುವುದಾದರೆ, ನಾಟಿಯಾದ ಒಂದು ವಾರಕ್ಕೆ ಹೆಕ್ಟೇರಿಗೆ 10 ಕಿಲೋ ಒಣ ಪಾಚಿ ಪುಡಿ ಎರಚಿ, ಹತ್ತು ದಿನ ನೀರು ಬತ್ತದಂತೆ ನೋಡಿಕೊಳ್ಳಿ. ರಂಜಕ ಕಡಿಮೆಯಿದ್ದರೆ ಪಾಚಿ ಏಳುವುದಿಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣವೂ ಬೇಕು. ಬಸವನಹುಳ, ನೀರಿನ ಸಣ್ಣ ಹುಳುಗಳು ಮೇಯ್ದು ಮುಗಿಸುವುದೂ ಉಂಟು. ಎಲ್ಲ ಕೂಡಿಬಂದರೆ ಹೆಕ್ಟೇರಿಗೆ ಒಂದು ಬೆಳೆಗೆ 20-30 ಕಿಲೋ ಸಾರಜನಕ. ಅದೂ ಬಹುಪಾಲು ಪಾಚಿ ಸತ್ತು ಕೊಳೆತ ಮೇಲೆ ಸಿಗುವಂಥದ್ದು; ಯೂರಿಯಾವನ್ನು ಪೂರ್ತಿ ಬಿಡಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪ್ರಶ್ನೆ: ಕೆರೆಯಂಚಿನಲ್ಲಿ ಹಸಿರು ಬಣ್ಣ ಚೆಲ್ಲಿದ ಹಾಗಿದೆ. ದನಕ್ಕೆ ಕುಡಿಸಬಹುದೇ?
— ಓದುಗರು, ಬೆಂಗಳೂರು ಗ್ರಾಮಾಂತರ

ಉತ್ತರ: ಬೇಡ. ಇದು ಮೈಕ್ರೋಸಿಸ್ಟಿಸ್ ಇರಬಹುದು. ಇದೂ ಸಯನೋಬ್ಯಾಕ್ಟೀರಿಯಾವೇ, ಆದರೆ ಸಾರಜನಕ ಹಿಡಿಯುವುದಿಲ್ಲ. ಚರಂಡಿ ನೀರಿನ ರಂಜಕ, ಸಾರಜನಕ ತಿಂದು ಬೆಳೆಯುತ್ತದೆ. ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ನೀರು ತುಂಬಿ, ರಾತ್ರಿಯಿಡೀ ಅಲುಗಾಡಿಸದೆ ಫ್ರಿಜ್‌ನಲ್ಲಿಡಿ. ಹಸಿರು ಮೇಲಕ್ಕೆ ಬಂದು ಕೆನೆಗಟ್ಟಿದರೆ ಅನುಮಾನ ಗಟ್ಟಿ: ಅದರ ಕೋಶದಲ್ಲಿ ಅನಿಲದ ಪೊಟರೆಗಳಿವೆ, ಅದಕ್ಕೇ ತೇಲುತ್ತದೆ. ಆದರೆ ವಿಷವಿದೆಯೋ ಇಲ್ಲವೋ ಎಂಬುದು ಬಾಟಲಿಯಿಂದ ತಿಳಿಯುವುದಿಲ್ಲ.

ಮೈಕ್ರೋಸಿಸ್ಟಿನ್ ಎಂಬ ಈ ವಿಷ ಯಕೃತ್ತನ್ನು ಕೆಡಿಸುತ್ತದೆ. ಕುದಿಸಿದರೆ ಹೋಗುವುದಿಲ್ಲ. ಮೈಲುತುತ್ತ ಸುರಿದರೆ ಕೋಶ ಒಡೆದು ವಿಷ ನೀರಿಗೆ ಬಿಡುತ್ತದೆ, ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಕುಸಿದು ಮೀನು ಸಾಯುತ್ತವೆ. ಗಾಳಿ ಪಾಚಿಯನ್ನು ಒಂದೇ ದಡಕ್ಕೆ ತಳ್ಳುತ್ತದಾದ್ದರಿಂದ ಅಲ್ಲೇ ಅಪಾಯ ಹೆಚ್ಚು. ಎದುರು ದಡವೂ ಸುರಕ್ಷಿತವೆಂದಲ್ಲ. ಕೊಳವೆಬಾವಿಯ ನೀರು ಕುಡಿಸಿ.

ಪ್ರಶ್ನೆ: ಅಜೋಲಾ ಕೂಡ ಪಾಚಿಯೇ? ನಮ್ಮದು ಕೆಂಪಾಗುತ್ತಿದೆ.
— ಹೈನುಗಾರರು, ಶಿರಸಿ

ಉತ್ತರ: ಅಲ್ಲ, ಅದು ಜರೀಗಿಡ. ಸಾರಜನಕ ಹಿಡಿಯುವ ಪಾಚಿ ಅದರ ಎಲೆಯ ಪೊಳ್ಳಿನಲ್ಲಿ ವಾಸವಾಗಿದೆ. ಕೆಂಪಾಗುವುದು ಸಾಮಾನ್ಯವಾಗಿ ರಂಜಕದ ಕೊರತೆಯಿಂದ, ಇಲ್ಲವೇ ಅತಿ ಬಿಸಿಲಿನಿಂದ. ನೆರಳು ಕಟ್ಟಿ. 2 ಮೀಟರ್ ಚೌಕದ ತೊಟ್ಟಿಗೆ ಐದು ದಿನಕ್ಕೊಮ್ಮೆ 20 ಗ್ರಾಂ ಸೂಪರ್ ಫಾಸ್ಫೇಟ್, ಒಂದು ಕಿಲೋ ಸಗಣಿ ಕದಡಿ ಹಾಕಿ.