ಔರೇಲಿಯಾ ಅಂದರೆ ನಮ್ಮ ಹೊನ್ನಮ್ಮ

ಮಿಲಾನ್‌ಗೆ ಬಂದು ಐದು ತಿಂಗಳಾಯಿತು, ಜನವರಿಗೆ ಹೆರಿಗೆ, ಹೆಣ್ಣು ಮಗು ಅಂತ ಸ್ಕ್ಯಾನಿನಲ್ಲಿ ಹೇಳಿದ್ದಾರೆ, ಔರೇಲಿಯಾ ಅಂತ ಹೆಸರಿಡೋಣ ಅಂತಿದ್ದೇವೆ ಅಂತ ಬರೆದಿದ್ದೀರಿ. ಅದರ ಅರ್ಥ ಏನು, ಇಲ್ಲಿ ಯಾರಾದರೂ ಆ ಹೆಸರು ಇಡುತ್ತಾರಾ, ಶಾಲೆಯಲ್ಲಿ ಮಕ್ಕಳು ನಗುತ್ತಾರಾ, ಅಜ್ಜಿ ಹೆಸರೇ ಇಡಬೇಕು ಅಂತ ಕೂತಿರುವ ಊರಿನವರಿಗೆ ಏನು ಹೇಳೋದು ಅಂತ ಕೇಳಿದ್ದೀರಿ. ಬಾಡಿಗೆ, ಡಾಕ್ಟರು, ಚಳಿ ಬಟ್ಟೆ ಕೂಡ ಕೇಳಿದ್ದೀರಿ. ಅವನ್ನು ಯಾರು ಬೇಕಾದರೂ ಹೇಳಿಯಾರು. ಹೆಸರಿನ ಪ್ರಶ್ನೆಗೆ ಮಾತ್ರ ನಾನೇ ಉತ್ತರ ಕೊಡಬೇಕು. ನನ್ನ ಮಗಳ ಹೆಸರೂ ಔರೇಲಿಯಾ. 2014ರ ಡಿಸೆಂಬರಿನಲ್ಲಿ ಇಲ್ಲೇ ಟುರಿನ್‌ನಲ್ಲಿ ಹುಟ್ಟಿದವಳು.

ಅರ್ಥ ಸುಲಭ. ಚಿನ್ನಕ್ಕೆ ಲ್ಯಾಟಿನಿನಲ್ಲಿ ಔರುಮ್. ಹೈಸ್ಕೂಲಿನಲ್ಲಿ ಚಿನ್ನದ ಸಂಕೇತ ಎ-ಯು ಅಂತ ಬಾಯಿಪಾಠ ಮಾಡಿದ್ದೆವಲ್ವಾ, ಅದು ಈ ಪದದ ಮೊದಲ ಎರಡು ಅಕ್ಷರ. ಔರೇಲಿಯಾ ಅಂದರೆ ಚಿನ್ನದಂಥವಳು. ಸಬೈನ್ ಅನ್ನುವ ಹಳೇ ಜನರ ಮಾತಿನಲ್ಲಿ ಸೂರ್ಯನಿಗೆ ಇದ್ದ ಪದದಿಂದ ಈ ಹೆಸರು ಬಂತು ಅಂತ ರೋಮಿನವರೇ ಬರೆದಿಟ್ಟಿದ್ದಾರೆ. ಚಿನ್ನವೋ ಸೂರ್ಯನೋ, ಎರಡೂ ಹೊಳೆಯುವಂಥದ್ದೇ. ನಮ್ಮ ಕಡೆ ಕನಕ, ಸುವರ್ಣ, ಚಿನ್ನಮ್ಮ, ಬಂಗಾರಮ್ಮ ಅಂತೀವಿ. ನಮ್ಮವ್ವನ ಹೆಸರು ಹೊನ್ನಮ್ಮ.

ರೋಮಿನಲ್ಲಿ ಇದು ಒಂದು ಹುಡುಗಿಗೆ ಅಂತ ಆರಿಸಿ ಇಡುತ್ತಿದ್ದ ಹೆಸರಲ್ಲ, ಮನೆತನದ ಹೆಸರು. ಔರೇಲಿಯುಸ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳೆಲ್ಲ ಔರೇಲಿಯಾಗಳೇ. ಇಬ್ಬರಿದ್ದರೆ ದೊಡ್ಡವಳು, ಚಿಕ್ಕವಳು ಅಂತ ಸೇರಿಸುತ್ತಿದ್ದರು, ನಮ್ಮೂರಿನ ದೊಡ್ಡತಾಯಮ್ಮ, ಚಿಕ್ಕತಾಯಮ್ಮನ ಹಾಗೆ. ಜೂಲಿಯಸ್ ಸೀಸರನ ತಾಯಿ ಔರೇಲಿಯಾ. ಅವನಿಗೆ ಹದಿನೈದು ಹದಿನಾರು ಆಗಿದ್ದಾಗ ಅಪ್ಪ ತೀರಿಕೊಂಡ. ಸುಬುರಾ ಅನ್ನುವ ಗಿಜಿಗುಟ್ಟುವ ಬಡಾವಣೆಯಲ್ಲಿ ಮನೆ ನಡೆಸಿದವಳು ಅವಳು. ಒಳ್ಳೇ ತಾಯಿ ಹೇಗಿರಬೇಕು ಅಂತ ಹೇಳುವಾಗ ರೋಮಿನವರು ಅವಳ ಹೆಸರು ತೆಗೆಯುತ್ತಿದ್ದರು.

ಆದರೆ ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗುವುದು ಆಮೇಲಿನ ಕತೆ. ಚಕ್ರವರ್ತಿ ಕ್ಯಾರಕಲಾ 212ರಲ್ಲಿ ಸಾಮ್ರಾಜ್ಯದಲ್ಲಿದ್ದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ಪೌರತ್ವ ಕೊಟ್ಟ. ಅವನ ಸರ್ಕಾರಿ ಹೆಸರಿನಲ್ಲಿ ಔರೇಲಿಯುಸ್ ಇತ್ತು. ಹೊಸದಾಗಿ ಪೌರರಾದವರು ಆ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹಾಕಿಕೊಂಡರು. ಸಿರಿಯಾದವರು, ಈಜಿಪ್ಟಿನವರು, ಎಲ್ಲೆಲ್ಲಿಯವರೋ. ದೊಡ್ಡ ಮನೆತನದ ಹೆಸರು ಹೀಗೆ ಹೊಸಬರ ಹೆಸರಾಯಿತು.

ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಊರಿನ ಒಬ್ಬ ಹೆಂಗಸು 263ರಲ್ಲಿ ಬರೆದ ಅರ್ಜಿ ಪಪೈರಸ್ ಹಾಳೆಯಲ್ಲಿ ಉಳಿದಿದೆ. ನನಗೆ ಮೂರು ಮಕ್ಕಳಿವೆ, ಓದು ಬರಹ ಬರುತ್ತದೆ, ಗಂಡಸರ ಹಂಗಿಲ್ಲದೆ ನನ್ನ ವ್ಯವಹಾರ ನಾನೇ ಮಾಡುವ ಹಕ್ಕು ನನಗಿದೆ ಅಂತ ಅಧಿಕಾರಿಗೆ ಬರೆದಿದ್ದಾಳೆ. ಹೆಸರು ಔರೇಲಿಯಾ ಥೈಸೂಸ್, ಲೊಲ್ಲಿಯಾನೆ ಅಂತಲೂ ಕರೆಯುತ್ತಾರೆ ಅಂತ ಸೇರಿಸಿದ್ದಾಳೆ. ಮುಂದೆ ರಾಜ್ಯದ ಹೆಸರು, ಹಿಂದೆ ಮನೆಯ ಹೆಸರು. ಅದನ್ನು ಓದಿದ ದಿನ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ಸಾವಿರದ ಏಳುನೂರು ವರ್ಷಕ್ಕೂ ಹಿಂದಿನ ಆ ಹೆಂಗಸು ಮಾಡಿದ್ದನ್ನು ನನಗೆ ಸರಿಯಾಗಿ ಮಾಡಲಾಗಲಿಲ್ಲ.

ಅದಕ್ಕೆ ಮುಂಚೆ ನಿಮ್ಮ ಇನ್ನೊಂದು ಪ್ರಶ್ನೆ. ಇಲ್ಲಿ ಈಗ ಈ ಹೆಸರು ಇಡುವವರು ಕಡಿಮೆ. ಮಗಳ ಶಾಲೆಯಲ್ಲಿ ಇವಳೊಬ್ಬಳೇ. ಎಲ್ಲೆಲ್ಲೂ ಅರೋರಾ, ಸೋಫಿಯಾ, ಜೂಲಿಯಾ. ಔರೇಲಿಯಾ ಅಂದರೆ ಅರೋರಾ ಅಂತ ಬರೆದುಕೊಳ್ಳುತ್ತಾರೆ, ಪ್ರತಿ ಸಲ ತಿದ್ದಬೇಕು. ಫ್ರಾನ್ಸಿನಲ್ಲಿ 1980ರ ಸುಮಾರಿಗೆ ಔರೆಲಿ ಅಂತ ಬಹಳ ಹೆಣ್ಣುಮಕ್ಕಳಿಗೆ ಇಟ್ಟರು. ಅಮೆರಿಕದ ಮೊದಲ ಸಾವಿರ ಹೆಸರುಗಳ ಪಟ್ಟಿಗೆ ಇದು 2010ರ ದಶಕದಲ್ಲಿ ಮತ್ತೆ ಬಂದಿದೆ. ಇಟಲಿಯವರ ಕಿವಿಗೆ ಅಜ್ಜಿಯ ಕಾಲದ ಹೆಸರು, ಆದರೆ ಯಾರೂ ನಗುವುದಿಲ್ಲ. ಇಲ್ಲಿನ ಐವತ್ತು ಸೆಂಟ್ ನಾಣ್ಯ ತಿರುಗಿಸಿ ನೋಡಿ, ಕುದುರೆ ಮೇಲೆ ಕೂತಿರುವವನು ರೋಮಿನ ಚಕ್ರವರ್ತಿ ಮಾರ್ಕುಸ್ ಔರೇಲಿಯುಸ್. ಸಮುದ್ರದ ಕಡೆ ಹೋದರೆ ರಸ್ತೆಯ ಹೆಸರೇ ವಿಯಾ ಔರೇಲಿಯಾ. ಮಗಳು ಆರು ವರ್ಷದವಳಿದ್ದಾಗ ಆ ಬೋರ್ಡನ್ನು ಮೊದಲ ಸಲ ತಾನೇ ಓದಿ, ಅಮ್ಮಾ ನನ್ನ ರಸ್ತೆ ಅಂತ ಕಾರಿನಲ್ಲಿ ಕೂಗಿಕೊಂಡಳು. ನನಗೂ ಹೆಮ್ಮೆಯಾಗಿತ್ತು.

ನಾನು ಬಂದದ್ದು 2006ರಲ್ಲಿ. ನಮ್ಮ ಕಡೆಯವರಿಗೆ ಹೆಸರಿನ ಹಿಂದೆ ಮುಂದೆ ಇನಿಶಿಯಲ್ಲೇ ಅಲ್ವಾ. ಇಲ್ಲಿ ಮೊದಲ ಕಚೇರಿಯಲ್ಲೇ ಸರ್‌ನೇಮ್ ಎಲ್ಲಿ ಅಂತ ಕೇಳಿದರು. ಅಪ್ಪನ ಹೆಸರು ಒಂದು ಕಾಗದದಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಅದು ಸರಿಯಾಗಲು ಎರಡು ವರ್ಷ ಓಡಾಡಿದ್ದೇನೆ. ನನ್ನ ಮಗುವಿಗೆ ಈ ಗೋಳು ಬೇಡ, ಇವರ ಬಾಯಿಗೆ ಬರುವ ಹೆಸರೇ ಇರಲಿ ಅಂತ ಆಗಲೇ ಅಂದುಕೊಂಡಿದ್ದೆ. ಔರೇಲಿಯಾ ಹುಡುಕಿದ್ದು ಹಾಗೆ. ಅವ್ವನ ಹೆಸರಿನ ಅರ್ಥವೂ ಉಳಿಯಿತು, ಇವರಿಗೂ ಸುಲಭ ಅಂತ.

ಆದರೂ ಅವ್ವನ ಹೆಸರು ಹಾಗೇ ಇರಬೇಕು ಅನ್ನಿಸಿತು. ಮೈಸೂರು ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುತ್ತಾ ಕವಿಯಾದ ಹೊನ್ನಮ್ಮನ ಹೆಸರು ಅದು. ಬಿಡುವುದು ಹೇಗೆ? ಇಲ್ಲಿ ಮೂರು ಹೆಸರಿನ ತನಕ ಬರೆಸಬಹುದು. ಬದುಕಿರುವ ಅಪ್ಪನ ಹೆಸರನ್ನೇ ಮಗನಿಗೆ ಇಡುವಂತಿಲ್ಲ, ಅಜ್ಜಿ ಹೆಸರಿಗೆ ಅಡ್ಡಿಯಿಲ್ಲ. ಆಸ್ಪತ್ರೆಯಲ್ಲಾದರೆ ಮೂರು ದಿನ, ನಗರಸಭೆ ಕಚೇರಿಯಲ್ಲಾದರೆ ಹತ್ತು ದಿನದ ಒಳಗೆ ಬರೆಸಬೇಕು. ನಮ್ಮಲ್ಲಿ ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುತ್ತೇವೆ. ಇಲ್ಲಿ ಅಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ.

ನಾವು ಹೋಗಿದ್ದು ಒಂಬತ್ತನೇ ದಿನ. ಹೊಲಿಗೆ ನೋವು, ನಿದ್ದೆ ಇಲ್ಲ. ಕೌಂಟರಿನವರು ಎರಡು ಹೆಸರಿನ ನಡುವೆ ಕಾಮಾ ಹಾಕಲಾ ಅಂತ ಕೇಳಿದರು. ಬರವಣಿಗೆಗೆ ಚೆನ್ನಾಗಿರುತ್ತದೆ ಅಂದುಕೊಂಡು ಹೂಂ ಅಂದೆ, ಸಹಿ ಹಾಕಿದೆ. ಕಾಮಾ ಹಾಕಿದರೆ ಮುಂದೆ ಕೊಡುವ ಪ್ರಮಾಣಪತ್ರಗಳಲ್ಲಿ ಮೊದಲನೇ ಹೆಸರು ಮಾತ್ರ ಬರುತ್ತದೆ ಅಂತ ಕಾನೂನಿದೆ. ನನಗೆ ಗೊತ್ತಿರಲಿಲ್ಲ. ಜನನ ಪತ್ರ ಬಂತು, ಔರೇಲಿಯಾ. ಅದನ್ನು ನೋಡಿ ಮಾಡಿಸಿದ ಪಾಸ್‌ಪೋರ್ಟಿನಲ್ಲೂ ಔರೇಲಿಯಾ. ಇಲ್ಲಿ ಪ್ರತಿಯೊಬ್ಬರಿಗೂ ಕೊಡುವ ಹದಿನಾರು ಅಕ್ಷರ-ಅಂಕಿಗಳ ತೆರಿಗೆ ಸಂಖ್ಯೆ, ಕೋದಿಚೆ ಫಿಸ್ಕಾಲೆ ಇದೆಯಲ್ಲ, ಅದರ ಮೂರು ಅಕ್ಷರಗಳನ್ನು ಹೆಸರಿನ ವ್ಯಂಜನಗಳಿಂದ, ಅವು ಸಾಲದಿದ್ದರೆ ಸ್ವರ ಸೇರಿಸಿ ಕಟ್ಟುತ್ತಾರೆ. ಇವಳಿಗೆ ಆರ್, ಎಲ್, ಎ ಬಂದಿದೆ. ಕಾಮಾ ಇಲ್ಲದಿದ್ದರೆ ಆರ್, ಎಚ್, ಎನ್ ಆಗುತ್ತಿತ್ತು. ಆ ಎಚ್ಚೂ ಎನ್ನೂ ನಮ್ಮವ್ವನದು.

ಅಷ್ಟರಲ್ಲಿ ಊರಿಂದ ಒಂದು ಸ್ಟೀಲ್ ಲೋಟ ಬಂತು. ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುತ್ತಾರಲ್ಲ, ಹಾಗೆ ಅವ್ವ ಹೊನ್ನಮ್ಮ ಅಂತ ಕೊರೆಸಿದ್ದಳು. ತನ್ನ ಹೆಸರಲ್ಲ, ಮೊಮ್ಮಗಳದ್ದು ಅಂತ. ಔರೇಲಿಯಾ ಅವಳ ಬಾಯಲ್ಲಿ ಅವರೆ ಆಗಿತ್ತು. ಅವರೆಕಾಯಿ ಕಾಲದಲ್ಲಿ ಹುಟ್ಟಿದ್ದಾಳೆ, ಸರಿಯಾಗೇ ಇದೆ ಅನ್ನುತ್ತಿದ್ದಳು. ಪಾಸ್‌ಪೋರ್ಟು ಬಂದ ದಿನ ವಿಡಿಯೋದಲ್ಲಿ ತೋರಿಸಿದೆ. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ಇದರಲ್ಲಿ ನನ್ನ ಹೆಸರು ಯಾವುದು, ಬೆರಳಿಟ್ಟು ತೋರಿಸು ಅಂದಳು. ನಾನು ಔರೇಲಿಯಾ ಮೇಲೆ ಬೆರಳಿಟ್ಟು ಇದೇ ಅವ್ವ ಅಂದೆ. ಅರ್ಥದಲ್ಲಿ ಸುಳ್ಳಲ್ಲ. ಆದರೆ ಅವಳು ಕೇಳಿದ್ದು ಅರ್ಥವಲ್ಲ. ಇಷ್ಟು ಚೆನ್ನಾಗಿ ಬರೆದಿದ್ದಾರಾ ಅಂತ ಪರದೆಯ ಹತ್ತಿರ ಮುಖ ತಂದು ನೋಡಿದಳು. ಸರಿಪಡಿಸಿದರಾಯಿತು, ಮುಂದಿನ ವರ್ಷ ನೋಡೋಣ ಅಂತ ನಾನು ತಳ್ಳುತ್ತಾ ಬಂದೆ. 2019ರಲ್ಲಿ ಅವ್ವ ಹೋದಳು.

ಬಾಡಿಗೆಗೆ ಬರವಣಿಗೆಯ ಕರಾರು ಇಲ್ಲದೆ ದುಡ್ಡು ಕೊಡಬೇಡಿ. ಮಕ್ಕಳ ಡಾಕ್ಟರನ್ನು ಹುಟ್ಟಿದ ಕೂಡಲೇ ಆರಿಸಿಕೊಳ್ಳಿ. ಉಣ್ಣೆ ಬಟ್ಟೆ ಇಲ್ಲೇ ಸಿಗುತ್ತದೆ, ಊರಿಂದ ಹೊರಬೇಡಿ, ಆ ಜಾಗದಲ್ಲಿ ಬಾಣಂತಿ ಖಾರದ ಪುಡಿ ತರಿಸಿಕೊಳ್ಳಿ. ನಮ್ಮ ಕಾನ್ಸುಲೇಟಿನಲ್ಲಿ ಮಗುವಿನ ಜನನವನ್ನು ಒಂದು ವರ್ಷದೊಳಗೆ ದಾಖಲು ಮಾಡಿಸಿ.

ಔರೇಲಿಯಾ ಇಡಿ, ಒಳ್ಳೇ ಹೆಸರು. ಅಜ್ಜಿ ಹೆಸರನ್ನೂ ಜೊತೆಗೆ ಇಡಿ. ಕೌಂಟರಿಗೆ ನಿದ್ದೆ ಮಾಡಿದವರೊಬ್ಬರನ್ನು ಕರೆದುಕೊಂಡು ಹೋಗಿ. ಸಹಿಗೆ ಮುಂಚೆ ಹಾಳೆಯನ್ನು ಬೆರಳಿಟ್ಟು ಓದಿ. ಅವರು ಕೇಳಿದರೂ ಕೇಳದಿದ್ದರೂ ನೀವು ಹೇಳಬೇಕಾದದ್ದು ಎರಡೇ ಪದ, ಈಗಲೇ ಬಾಯಿಪಾಠ ಮಾಡಿಕೊಳ್ಳಿ: ಸೆನ್ಸಾ ವಿರ್ಗೊಲಾ. ಕಾಮಾ ಬೇಡ ಅಂತ.